ಪ್ರೊಫೆಸರರ ಮನೆಯಿಂದ ಪ್ರಸಾರ ಭಾರತಿಯವರೆಗೆ: ಮೈಸೂರು ಆಕಾಶವಾಣಿ ಯಾರದಾಗಿತ್ತು?

ಪ್ರಶ್ನೆ: ನಾನು ಮೈಸೂರಿನವನು. ಕೆಲವು ವರ್ಷಗಳಿಂದ ಅಮೆರಿಕದ ಒಂದು ಸಣ್ಣ ಪಟ್ಟಣದಲ್ಲಿ ನೆಲೆಸಿದ್ದೇನೆ. ಇಲ್ಲಿನ ಎಎಂ ರೇಡಿಯೊ ಕೇಂದ್ರಕ್ಕೆ ನಾನು ಬಂದ ಮೇಲೆಯೇ ಮೂರು ಸಲ ಮಾಲೀಕರು ಬದಲಾದರು. ಮೊದಲು ಹಳೆಯ ಹಾಡುಗಳು ಬರುತ್ತಿದ್ದವು, ಆಮೇಲೆ ದಿನವಿಡೀ ರಾಜಕೀಯದ ಮಾತು, ಈಗ ಧಾರ್ಮಿಕ ಪ್ರವಚನ. ನಮ್ಮ ತಾತ ಮೈಸೂರಿನ ಆಕಾಶವಾಣಿಯನ್ನು ‘ಪ್ರೊಫೆಸರರ ರೇಡಿಯೊ’ ಎನ್ನುತ್ತಿದ್ದರು. ಅದು ನಿಜವಾಗಿಯೂ ಒಬ್ಬ ವ್ಯಕ್ತಿಯದಾಗಿತ್ತೆ? ಸರ್ಕಾರದ ಕೈಗೆ ಹೋದದ್ದು ಹೇಗೆ? ಒಡೆತನ ಬದಲಾದಾಗ ಇಲ್ಲಿಯಂತೆ ಅಲ್ಲಿಯೂ ಕಾರ್ಯಕ್ರಮಗಳ ಸ್ವರೂಪ ಬದಲಾಯಿತೆ?

ಉತ್ತರ: ನಿಮ್ಮ ತಾತನವರು ಹೇಳಿದ್ದು ನಿಜ. ಇಂದು ದೇಶದ ಸಾರ್ವಜನಿಕ ಪ್ರಸಾರ ಸಂಸ್ಥೆ ತನ್ನ ಹೆಸರಾಗಿ ಬಳಸುತ್ತಿರುವ ‘ಆಕಾಶವಾಣಿ’ ಎಂಬ ಪದವನ್ನು ಮೊದಲು ಹೊತ್ತಿದ್ದು ಮೈಸೂರಿನ ಒಂದು ಖಾಸಗಿ ರೇಡಿಯೊ ನಿಲಯ, ಮತ್ತು ಆ ನಿಲಯ ಇದ್ದದ್ದು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕರೊಬ್ಬರ ಮನೆಯಲ್ಲಿ. ಅಲ್ಲಿಂದ ಮುಂದೆ ಅದು ನಗರಸಭೆಯ ನೆರವಿನಿಂದ ನಡೆಯಿತು, ಮೈಸೂರು ಸಂಸ್ಥಾನದ ಕೈಗೆ ಬಂತು, ಭಾರತ ಸರ್ಕಾರಕ್ಕೆ ಸೇರಿತು, ಕೊನೆಗೆ ಪ್ರಸಾರ ಭಾರತಿ ನಿಗಮದ ಪಾಲಾಯಿತು. ನಿಮ್ಮ ಕೊನೆಯ ಪ್ರಶ್ನೆಗೆ ಮಾತ್ರ ಒಂದೇ ಮಾತಿನಲ್ಲಿ ‘ಹೌದು’ ಎನ್ನಲಾರೆ. ಈ ನಿಲಯದ ಚರಿತ್ರೆಯನ್ನು ಬಹುಕಾಲದಿಂದ ಗಮನಿಸುತ್ತ ಬಂದಿರುವ ನನ್ನ ಅಭಿಪ್ರಾಯದಲ್ಲಿ, ಮೈಸೂರಿನ ಕೇಳುಗರ ಪಾಲಿಗೆ ದೊಡ್ಡ ಬದಲಾವಣೆಯಾದದ್ದು ಯಜಮಾನ ಬದಲಾದ ದಿನಗಳಲ್ಲಲ್ಲ. ಇಂದು ಯಾರನ್ನು ಕರೆಯಬೇಕು, ಏನನ್ನು ಬಿತ್ತರಿಸಬೇಕು ಎಂದು ತೀರ್ಮಾನಿಸುವ ಮೇಜು ಊರು ಬಿಟ್ಟು ಹೋಯಿತಲ್ಲ, ಆ ದಿನ. ಇದನ್ನು ವಿವರಿಸಲು ಮೊದಲಿನಿಂದಲೇ ಹೇಳಬೇಕಾಗುತ್ತದೆ.

ಆ ಪ್ರಾಧ್ಯಾಪಕರು ಡಾ. ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ವ್ಯಾಸಂಗ ಮಾಡಿ ಬಂದು, 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು. ಅವರ ಮನೆಯ ಹೆಸರು ‘ವಿಠ್ಠಲ ವಿಹಾರ’. 1935ರ ಸೆಪ್ಟೆಂಬರ್ 10ರಂದು ಆ ಮನೆಯಿಂದ 30 ವಾಟ್ ಶಕ್ತಿಯ ಪ್ರೇಷಕದ (ಟ್ರಾನ್ಸ್‌ಮಿಟರಿನ) ಮೂಲಕ ಪ್ರಸಾರ ಆರಂಭವಾಯಿತು. ಆ ಹೊತ್ತಿನ ಭಾರತದ ಪರಿಸ್ಥಿತಿಯನ್ನು ನೆನೆದರೆ ಇದು ಎಷ್ಟು ದೊಡ್ಡ ಸಾಹಸವೆಂಬುದು ತಿಳಿಯುತ್ತದೆ. 1927ರ ಜುಲೈ 23ರಂದು ಮುಂಬಯಿಯಲ್ಲಿ ಕೆಲಸ ಆರಂಭಿಸಿದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಎಂಬ ಖಾಸಗಿ ಸಂಸ್ಥೆ, ಮುಂಬಯಿ ಮತ್ತು ಕೋಲ್ಕತ್ತಗಳಂಥ ಮಹಾನಗರಗಳನ್ನು ನೆಚ್ಚಿಕೊಂಡಿದ್ದರೂ, ರೇಡಿಯೊ ಇಟ್ಟುಕೊಂಡವರು ಕಟ್ಟುತ್ತಿದ್ದ ಲೈಸೆನ್ಸ್ ಹಣ ಖರ್ಚಿಗೆ ಸಾಲದೆ ಮೂರೇ ವರ್ಷಗಳಲ್ಲಿ ಬಾಗಿಲು ಹಾಕಿತ್ತು. 1930ರ ಏಪ್ರಿಲ್‌ನಲ್ಲಿ ಅದನ್ನು ಬ್ರಿಟಿಷ್ ಇಂಡಿಯಾ ಸರ್ಕಾರ ವಹಿಸಿಕೊಂಡಿತು. ‘ಆಲ್ ಇಂಡಿಯಾ ರೇಡಿಯೊ’ ಎಂಬ ಹೆಸರು ಆ ಸಂಸ್ಥೆಗೆ ಬಂದದ್ದು 1936ರ ಜೂನ್ 8ರಂದು. ಅಂದರೆ ಆಲ್ ಇಂಡಿಯಾ ರೇಡಿಯೊಗೆ ನಾಮಕರಣವಾಗುವ ಒಂಬತ್ತು ತಿಂಗಳು ಮೊದಲೇ ಮೈಸೂರಿನಲ್ಲಿ ಆಕಾಶವಾಣಿ ಕೇಳಿಸುತ್ತಿತ್ತು.

ಅದು ಎಎಂ ನಿಲಯವೇ ಎಂದು ಕೆಲವರು ಕೇಳುವುದುಂಟು. ಆಗ ಬೇರೆ ದಾರಿಯೇ ಇರಲಿಲ್ಲ. ಧ್ವನಿಯ ಏರಿಳಿತಕ್ಕೆ ತಕ್ಕಂತೆ ಅಲೆಯ ಎತ್ತರವನ್ನು ಹೆಚ್ಚು ಕಡಿಮೆ ಮಾಡುವ ವಿಧಾನಕ್ಕೆ ಎಎಂ ಎನ್ನುತ್ತಾರೆ. ಮಧ್ಯಮ ತರಂಗವಾಗಲಿ ಹ್ರಸ್ವ ತರಂಗವಾಗಲಿ, ಅಂದಿನ ಪ್ರಸಾರವೆಲ್ಲ ಇದೇ ವಿಧಾನದ್ದು. ಅಲೆಯ ಎತ್ತರವನ್ನು ಬಿಟ್ಟು ಅದರ ಕಂಪನ ಸಂಖ್ಯೆಯನ್ನು ಬದಲಿಸುವ ಎಫ್‌ಎಂ ವಿಧಾನವನ್ನು ಎಡ್ವಿನ್ ಆರ್ಮ್‌ಸ್ಟ್ರಾಂಗ್ ನ್ಯೂಯಾರ್ಕಿನಲ್ಲಿ ತಜ್ಞರ ಮುಂದೆ ಪ್ರದರ್ಶಿಸಿದ್ದು ಅದೇ 1935ರ ನವೆಂಬರ್ 5ರಂದು, ಮೈಸೂರಿನ ಪ್ರಸಾರ ಶುರುವಾಗಿ ಎರಡು ತಿಂಗಳು ತುಂಬುವ ಹೊತ್ತಿಗೆ.

30 ವಾಟ್ ಎಂದರೆ ಹಳೆಯ ಕಾಲದ ಮಂದ ಬಲ್ಬೊಂದು ಉರಿಯಲು ಬೇಕಾಗುತ್ತಿದ್ದಷ್ಟು ಶಕ್ತಿ. ಮೈಸೂರು ನಗರಕ್ಕೆ, ಅದರ ಅಂಚಿನ ಹಳ್ಳಿಗಳಿಗೆ ಅದು ಸಾಕಾಗುತ್ತಿತ್ತೇ ಹೊರತು ಅದರಾಚೆಗೆ ನೆಚ್ಚುವಂತಿರಲಿಲ್ಲ. ಗೋಪಾಲಸ್ವಾಮಿಯವರು ಮುಂದೆ 250 ವಾಟ್‌ನ ಪ್ರೇಷಕವನ್ನು ತರಿಸಿದರು. ಇಲ್ಲಿ ಒಂದು ತಾಂತ್ರಿಕ ಸಂಗತಿಯನ್ನು ಹೇಳಬೇಕು, ಏಕೆಂದರೆ ಈ ನಿಲಯದ ಹಣಕಾಸಿನ ಕಥೆಯೆಲ್ಲ ಅದರಲ್ಲಿದೆ. ಪ್ರೇಷಕದ ಶಕ್ತಿಯನ್ನು ನಾಲ್ಕು ಪಟ್ಟು ಮಾಡಿದರೆ ಕೇಳುಗನ ಮನೆಯಲ್ಲಿ ಸಂಕೇತದ ಬಲ ಎರಡೇ ಪಟ್ಟಾಗುತ್ತದೆ. 30ರಿಂದ 250ಕ್ಕೆ ಏರುವುದೆಂದರೆ ಎಂಟು ಪಟ್ಟಿಗಿಂತ ಹೆಚ್ಚು ಶಕ್ತಿ, ಆದರೆ ಕೇಳುಗನಿಗೆ ದಕ್ಕುವುದು ಮೂರು ಪಟ್ಟಿಗಿಂತ ಕಡಿಮೆ ಲಾಭ. ಪ್ರಸಾರದ ವ್ಯಾಪ್ತಿಯನ್ನು ಒಂದು ಹೆಜ್ಜೆ ಹಿಗ್ಗಿಸಬೇಕಾದರೆ ಖರ್ಚನ್ನು ಹಲವು ಹೆಜ್ಜೆ ಏರಿಸಬೇಕು. ಒಬ್ಬ ಅಧ್ಯಾಪಕನ ಕೈಯಲ್ಲಿ ಹುಟ್ಟಿದ ನಿಲಯ ಎಂದಾದರೊಂದು ದಿನ ದೊಡ್ಡ ಬೊಕ್ಕಸವನ್ನು ಆಶ್ರಯಿಸಬೇಕಾಗಿ ಬಂದದ್ದು ಈ ಲೆಕ್ಕದಿಂದಲೇ.

ಆ ವರ್ಷಗಳಲ್ಲಿ ಕಾರ್ಯಕ್ರಮ ನಡೆಸುವುದು ಎಂಥ ಕೆಲಸವಾಗಿತ್ತು ಎಂಬುದನ್ನು ಇಂದಿನವರು ಊಹಿಸಿಕೊಳ್ಳುವುದು ಕಷ್ಟ. ಧ್ವನಿಮುದ್ರಣದ ಟೇಪು ನಮ್ಮ ನಿಲಯಗಳಿಗೆ ಬಂದದ್ದು ಎರಡನೆಯ ಮಹಾಯುದ್ಧ ಮುಗಿದ ಬಹಳ ದಿನಗಳ ಮೇಲೆ. ಅಲ್ಲಿಯತನಕ ಹಾಡುವವರು, ಮಾತನಾಡುವವರು ಗಡಿಯಾರದ ಮುಂದೆ ಕುಳಿತು ನೇರವಾಗಿಯೇ ನಡೆಸಿಕೊಡಬೇಕು. ತಪ್ಪಿದ ಸ್ವರ ತಪ್ಪಿದಂತೆಯೇ ಊರಿನ ಕಿವಿಗೆ ಬೀಳುತ್ತಿತ್ತು. ಬರಬೇಕಾದವರು ಬಾರದಿದ್ದರೆ ಗ್ರಾಮಫೋನ್ ತಟ್ಟೆಯೇ ಗತಿ, ಅದರ ಒಂದು ಮಗ್ಗುಲು ಮೂರು ಮೂರೂವರೆ ನಿಮಿಷಕ್ಕೆ ಮುಗಿಯುತ್ತಿತ್ತು. ತಟ್ಟೆಯನ್ನು ಮಗುಚಿ, ಸವೆದ ಮುಳ್ಳನ್ನು ತೆಗೆದು ಹೊಸದನ್ನು ಸಿಕ್ಕಿಸುವಷ್ಟರಲ್ಲಿ ಉದ್ಘೋಷಕ ಎರಡು ಮಾತನಾಡಿ ಮೌನವನ್ನು ತುಂಬಬೇಕು. ಮನೆಯ ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡ ಕಡೆಗಳಲ್ಲಿ ಪ್ರತಿಧ್ವನಿ ಅಡಗಿಸಲು ಗೋಡೆಗೆ ದಪ್ಪ ಬಟ್ಟೆಗಳನ್ನು ಇಳಿಬಿಡುವುದು ಆ ಕಾಲದ ರೂಢಿ. ಹೀಗಿರುವಾಗ ಕಾರ್ಯಕ್ರಮದ ಸ್ವರೂಪವನ್ನು ಯಾವ ನೀತಿಯೂ ನಿರ್ಧರಿಸುವುದಿಲ್ಲ, ನಡೆದು ಬರಬಹುದಾದಷ್ಟು ದೂರದಲ್ಲಿ ಯಾರಿದ್ದಾರೆ ಎಂಬುದೇ ನಿರ್ಧರಿಸುತ್ತದೆ. ಆ ವಿಷಯದಲ್ಲಿ ಮೈಸೂರು ಭಾಗ್ಯವಂತ ಊರು. ಒಂದು ಕಡೆ ಆಸ್ಥಾನದ ಸಂಗೀತ ವಿದ್ವಾಂಸರು, ಇನ್ನೊಂದು ಕಡೆ ವಿಶ್ವವಿದ್ಯಾನಿಲಯದ ಅಧ್ಯಾಪಕರು ಮತ್ತು ಕವಿಗಳು, ಇಬ್ಬರೂ ಒಂದೇ ಊರಿನ ಬೀದಿಗಳಲ್ಲಿ ವಾಸವಾಗಿದ್ದವರು. ಸಂಗೀತ ಮತ್ತು ಭಾಷಣ ಎಂಬ ಎರಡು ಕಂಬಗಳ ಮೇಲೆ ಕನ್ನಡ ರೇಡಿಯೊ ನಿಂತುಕೊಂಡದ್ದು ಆಕಸ್ಮಿಕವೇನಲ್ಲ.

ಹೆಸರಿನ ಬಗ್ಗೆ ಒಂದು ಮಾತು. ‘ಆಕಾಶವಾಣಿ’ ಎಂಬ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರು ಎಂಬುದು ಮೈಸೂರಿನಲ್ಲಿ ಬಹುಕಾಲದಿಂದ ನಡೆದು ಬಂದಿರುವ ಮಾತು. ಕನ್ನಡದ ಹಾಸ್ಯ ಲೇಖಕರಾಗಿ ಪ್ರಸಿದ್ಧರಾಗಿದ್ದ ಅವರು ಆ ನಿಲಯದ ಕೆಲಸದಲ್ಲಿ ಕೈ ಸೇರಿಸಿದವರೂ ಹೌದು. ಪುರಾಣಗಳಲ್ಲಿ ಆಕಾಶವಾಣಿ ಎಂದರೆ ಕಾಣದ ಬಾಯಿಂದ ಬರುವ ದೈವದ ಮಾತು, ಕಂಸನಿಗೆ ಕೇಳಿಸಿದ್ದು ಅದೇ. ತಂತಿಯಿಲ್ಲದೆ, ಮುಖವಿಲ್ಲದೆ ಬರುವ ಧ್ವನಿಗೆ ಅದಕ್ಕಿಂತ ಒಪ್ಪುವ ಪದ ಸಿಗಲಾರದು, ಮತ್ತು ಹರಿಕಥೆ ಕೇಳಿ ಬಲ್ಲ ಪ್ರತಿಯೊಬ್ಬನಿಗೂ ಅದನ್ನು ವಿವರಿಸಿ ಹೇಳುವ ಅಗತ್ಯವಿರಲಿಲ್ಲ. 1950ರ ದಶಕದ ಉತ್ತರಾರ್ಧದಲ್ಲಿ ಕೇಂದ್ರ ಸರ್ಕಾರ ಈ ಪದವನ್ನು ಅಖಿಲ ಭಾರತ ಮಟ್ಟದಲ್ಲಿ ಅಳವಡಿಸಿಕೊಂಡಿತು. 2023ರ ಮೇ ತಿಂಗಳಿಂದ ಆಲ್ ಇಂಡಿಯಾ ರೇಡಿಯೊ ಎಂಬ ಇಂಗ್ಲಿಷ್ ಹೆಸರನ್ನು ಬಿಟ್ಟು ಆಕಾಶವಾಣಿ ಎಂದಷ್ಟೇ ಬಳಸಬೇಕೆಂಬ ಆದೇಶವೂ ಜಾರಿಗೆ ಬಂತು. ನಿಲಯ ದೆಹಲಿಗೆ ಸೇರಿತು, ಹೆಸರು ಮಾತ್ರ ಮೈಸೂರಿನಿಂದ ಹೊರಟು ದೆಹಲಿಯನ್ನು ಗೆದ್ದಿತು.

ಸುಮಾರು ಆರು ವರ್ಷಗಳ ಕಾಲ ನಿಲಯವನ್ನು ಗೋಪಾಲಸ್ವಾಮಿಯವರೇ, ಊರಿನ ಸಾರ್ವಜನಿಕರ ಮತ್ತು ಮೈಸೂರು ನಗರಸಭೆಯ ಸಹಾಯದಿಂದ ನಡೆಸಿದರು. ಈ ಘಟ್ಟವನ್ನು ಚರಿತ್ರೆ ಬರೆಯುವವರು ಎರಡು ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಅದು ಇಡೀ ಕಥೆಯ ಅತ್ಯಂತ ಬೆಲೆಯುಳ್ಳ ಭಾಗ. ನೀರು, ಬೀದಿ ದೀಪ, ಚರಂಡಿಗಳ ಹೊಣೆ ಹೊತ್ತ ಒಂದು ನಗರಸಭೆ, ಧ್ವನಿಯನ್ನು ಮನೆಮನೆಗೆ ತಲುಪಿಸುವುದೂ ತನ್ನ ಕೆಲಸಗಳಲ್ಲಿ ಒಂದೆಂದು ತಿಳಿದು ನೆರವು ಕೊಟ್ಟಿತು. ಜಾಹೀರಾತು ಮಾರಿ ಲಾಭ ಮಾಡುವ ಉದ್ದೇಶ ಅಲ್ಲಿರಲಿಲ್ಲ, ರಾಜ್ಯದ ಪ್ರಚಾರದ ಉದ್ದೇಶವೂ ಇನ್ನೂ ಬಂದಿರಲಿಲ್ಲ. ಸ್ವತಂತ್ರ ಭಾರತದಲ್ಲಿ ನಗರಸಭೆಗಳ ಮಟ್ಟದ ಪ್ರಸಾರ ಎಂಬ ಕಲ್ಪನೆ ಮತ್ತೆ ಬೇರೂರಲಿಲ್ಲ ಎಂಬುದು ಇಂದಿಗೂ ನನಗೆ ಬೇಸರದ ಸಂಗತಿ.

1941–42ರ ಹೊತ್ತಿಗೆ ನಿಲಯ ಮೈಸೂರು ಸಂಸ್ಥಾನದ ಸರ್ಕಾರಕ್ಕೆ ಸೇರಿತು. ನಾಲ್ವಡಿ ಕೃಷ್ಣರಾಜ ಒಡೆಯರು 1940ರ ಆಗಸ್ಟ್‌ನಲ್ಲಿ ತೀರಿಕೊಂಡಿದ್ದರು, ಸಿಂಹಾಸನದಲ್ಲಿದ್ದವರು ಸ್ವತಃ ವಾಗ್ಗೇಯಕಾರರಾಗಿದ್ದ ಜಯಚಾಮರಾಜ ಒಡೆಯರು. ಯುದ್ಧದ ಕಾಲವಾದ್ದರಿಂದ ಪ್ರಸಾರವನ್ನು ಒಬ್ಬ ಖಾಸಗಿ ವ್ಯಕ್ತಿಯ ಕೈಯಲ್ಲಿ ಬಿಡಲು ಯಾವ ಸರ್ಕಾರವೂ ಇಷ್ಟಪಡುವ ಹೊತ್ತಲ್ಲ ಅದು. ಆದರೂ ಇಲ್ಲಿ ಒಡೆತನ ಬದಲಾಯಿತೇ ಹೊರತು ನಿಲಯ ಊರು ಬಿಡಲಿಲ್ಲ. ಅದೇ ಊರಿನ ವಿದ್ವಾಂಸರು, ಅದೇ ಕಾಲೇಜಿನ ಅಧ್ಯಾಪಕರು ಬಂದು ಹೋಗುತ್ತಿದ್ದರು. ಅನುಮತಿ ಕೊಡುವ ಅಧಿಕಾರಿಯನ್ನು ಕಾಣಬೇಕಾದರೆ ಟಾಂಗಾದಲ್ಲಿ ಹೋಗಿಬರಬಹುದಿತ್ತು. ಸಂಸ್ಥಾನಗಳಿಗೆ ಪ್ರಸಾರದ ಹಕ್ಕಿತ್ತೇ ಎಂಬ ಅನುಮಾನ ನಿಮಗೆ ಬರಬಹುದು. 1935ರ ಗವರ್ನ್‌ಮೆಂಟ್ ಆಫ್ ಇಂಡಿಯಾ ಕಾಯ್ದೆಯ 129ನೆಯ ಕಲಮು, ಪ್ರಾಂತ್ಯಗಳೂ ಸಂಸ್ಥಾನಗಳೂ ತಮ್ಮದೇ ಪ್ರೇಷಕಗಳನ್ನು ಕಟ್ಟಿ ನಡೆಸಲು ಕೇಳಿದರೆ ಅದನ್ನು ಒಕ್ಕೂಟ ಸರ್ಕಾರ ಸಕಾರಣವಿಲ್ಲದೆ ನಿರಾಕರಿಸಬಾರದೆಂದು ಹೇಳಿತ್ತು. ಆ ಕಾಯ್ದೆಯ ಒಕ್ಕೂಟವೇ ಅಸ್ತಿತ್ವಕ್ಕೆ ಬರಲಿಲ್ಲವೆಂಬುದು ಬೇರೆ ಮಾತು. ಪ್ರಸಾರವೆಂಬುದು ಹಂಚಿಕೊಳ್ಳಬಹುದಾದ ಅಧಿಕಾರ ಎಂಬ ತಿಳಿವಳಿಕೆ ಆ ಕಾಲದಲ್ಲಿ ಇತ್ತೆಂಬುದನ್ನು ಅದು ತೋರಿಸುತ್ತದೆ. ಹೈದರಾಬಾದು, ಔರಂಗಾಬಾದು, ಬರೋಡ, ತಿರುವನಂತಪುರಗಳಲ್ಲೂ ಸಂಸ್ಥಾನಗಳ ನಿಲಯಗಳಿದ್ದವು.

ಸಂವಿಧಾನ ಈ ಬಾಗಿಲನ್ನು ಮುಚ್ಚಿತು. ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 31ನೆಯ ನಮೂದಾಗಿ ಅಂಚೆ, ತಂತಿ, ದೂರವಾಣಿಗಳ ಜೊತೆ ಪ್ರಸಾರವೂ ಸೇರಿತು. 1950ರ ಜನವರಿ 26ರ ನಂತರ ಮೈಸೂರು ರಾಜ್ಯ ತನ್ನದೇ ರೇಡಿಯೊ ನಿಲಯವನ್ನು ಇಟ್ಟುಕೊಳ್ಳಲು ಆಧಾರವೇ ಉಳಿಯಲಿಲ್ಲ. ಹೊಸ ಹಣಕಾಸು ವರ್ಷದ ಮೊದಲ ದಿನ, 1950ರ ಏಪ್ರಿಲ್ 1ರಂದು, ಹಳೆಯ ಸಂಸ್ಥಾನಗಳ ಕೇಂದ್ರ ವಿಷಯಗಳ ಆಸ್ತಿಗಳೆಲ್ಲ ಭಾರತ ಸರ್ಕಾರಕ್ಕೆ ವರ್ಗವಾದಾಗ ಮೈಸೂರು ಆಕಾಶವಾಣಿಯೂ ಆಲ್ ಇಂಡಿಯಾ ರೇಡಿಯೊದಲ್ಲಿ ವಿಲೀನವಾಯಿತು. ಮೈಸೂರು ಸಂಸ್ಥಾನದ ರೈಲ್ವೆ ಕೇಂದ್ರಕ್ಕೆ ಹೋದದ್ದೂ ಅದೇ ದಿನ. ರೈಲಿನ ಹಳಿಗಳು ಯಾರ ಹೆಸರಿಗೆ ಹೋದರೂ ಇದ್ದಲ್ಲೇ ಇರುತ್ತವೆ. ರೇಡಿಯೊ ನಿಲಯ ಹಾಗಲ್ಲ.

ಐದೂವರೆ ವರ್ಷಗಳ ನಂತರ, 1955ರ ನವೆಂಬರ್ 2ರಂದು ಬೆಂಗಳೂರು ನಿಲಯ ಉದ್ಘಾಟನೆಯಾಯಿತು, ಮೈಸೂರಿನ ನಿಲಯ ಅಲ್ಲಿಗೆ ಸ್ಥಳಾಂತರವಾಯಿತು. ದೆಹಲಿಯ ದೃಷ್ಟಿಯಿಂದ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ರಾಜಧಾನಿ ಬೆಂಗಳೂರು, ಸಚಿವಾಲಯ ಅಲ್ಲಿದೆ, ಕಾರ್ಖಾನೆಗಳು ಬೆಳೆಯುತ್ತಿವೆ, ಭಾಷಾವಾರು ರಾಜ್ಯಗಳು ರೂಪುಗೊಳ್ಳಲಿವೆ. ಧಾರವಾಡದಲ್ಲಿ 1950ರ ಜನವರಿ 8ರಿಂದಲೇ ನಿಲಯವಿತ್ತು, ದಕ್ಷಿಣದ ಕನ್ನಡ ಪ್ರದೇಶಕ್ಕೆ ಅಷ್ಟೇ ಬಲವಾದ ಒಂದು ಕೇಂದ್ರ ಬೇಕು. ಆದರೆ ಮೈಸೂರಿನ ಬೀದಿಯಲ್ಲಿ ನಿಂತು ನೋಡಿದರೆ, ಪ್ರಾಧ್ಯಾಪಕನಿಂದ ನಗರಸಭೆಯ ನೆರವಿಗೆ, ಅಲ್ಲಿಂದ ಅರಸರಿಗೆ, ಅಲ್ಲಿಂದ ಕೇಂದ್ರಕ್ಕೆ ಹೋಗುವಾಗಲೂ ಆಗದಿದ್ದದ್ದು ಆ ದಿನ ಆಯಿತು. ಊರಿನ ನಿಲಯ ಊರಿನಲ್ಲಿ ಇಲ್ಲವಾಯಿತು. ಧ್ವನಿ ಬರುವುದೇನೂ ನಿಲ್ಲಲಿಲ್ಲ, ಬೆಂಗಳೂರಿನಿಂದ ಇನ್ನೂ ಬಲವಾಗಿಯೇ ಬಂತು. ಬರುತ್ತಿದ್ದ ಮಾತು ಮಾತ್ರ ಮೈಸೂರಿನ ಮಾತಾಗಿರಲಿಲ್ಲ. ಪಿಟೀಲು ಬಗಲಲ್ಲಿಟ್ಟುಕೊಂಡು ಸಂಜೆ ನಡೆದು ಹೋಗಿ ನುಡಿಸಿ ಬರುತ್ತಿದ್ದ ಕಲಾವಿದ ಈಗ ರೈಲು ಹತ್ತಬೇಕು, ರಾತ್ರಿ ತಂಗಬೇಕು, ಆಮಂತ್ರಣ ಪತ್ರಕ್ಕೆ ಕಾಯಬೇಕು. ರಾಜ್ಯದಾದ್ಯಂತದ ಕಲಾವಿದರ ಪಟ್ಟಿಯಲ್ಲಿ ಅವನ ಸರದಿ ಬರುವುದು ಎಂದೋ ಒಂದು ದಿನ. ನಾನು ಮೇಲೆ ಹೇಳಿದ ಮೇಜು ಊರು ಬಿಟ್ಟಿತೆಂದರೆ ಇದೇ ಅರ್ಥ.

ಬೆಂಗಳೂರಿಗೆ ಹೋದ ನಂತರ ಸ್ವರೂಪ ಹೇಗೆ ಬದಲಾಯಿತೆಂಬುದನ್ನು ನ್ಯಾಯವಾಗಿ ಹೇಳಬೇಕಾದರೆ, ಗಳಿಸಿದ್ದನ್ನೂ ಎಣಿಸಬೇಕು. ರೈತರಿಗೆ, ಮಹಿಳೆಯರಿಗೆ, ಮಕ್ಕಳಿಗೆ, ಕಾರ್ಮಿಕರಿಗೆ ಪ್ರತ್ಯೇಕ ಕಾರ್ಯಕ್ರಮಗಳು ನಿಗದಿತ ವೇಳೆಗೆ ಬರತೊಡಗಿದವು. ಕಾರ್ಮಿಕರ ಕಾರ್ಯಕ್ರಮದ ಪಾತ್ರದಿಂದಲೇ ‘ಆಕಾಶವಾಣಿ ಈರಣ್ಣ’ ಎಂದು ಮನೆಮಾತಾದ ಎ.ಎಸ್. ಮೂರ್ತಿಯವರಂಥವರು ಆಡುಮಾತಿನ ಕನ್ನಡವನ್ನು ರೇಡಿಯೊಗೆ ತಂದರು. ವೀಣೆಯ ದೊರೆಸ್ವಾಮಿ ಅಯ್ಯಂಗಾರ್ ಅವರು ಬೆಂಗಳೂರು ನಿಲಯದಲ್ಲಿ ಸಂಗೀತದ ಹೊಣೆ ಹೊತ್ತಿದ್ದರು, ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದರು. ಇಂಥವರಿಗೆ ತಿಂಗಳ ಸಂಬಳ ಕೊಟ್ಟು ಕೂರಿಸುವ ಶಕ್ತಿ ವಿಠ್ಠಲ ವಿಹಾರಕ್ಕಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಆದರೆ ಸ್ವರೂಪದ ಮುಖ್ಯ ತೀರ್ಮಾನಗಳು ಇನ್ನು ಮುಂದೆ ಬೆಂಗಳೂರಿನಲ್ಲೂ ಆಗುತ್ತಿರಲಿಲ್ಲ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರು ಶಾಸ್ತ್ರೀಯ ಸಂಗೀತದ ಕಟ್ಟಾ ಅಭಿಮಾನಿ. ಅವರ ನೀತಿಯಿಂದ ಸಿನಿಮಾ ಹಾಡುಗಳು ಆಲ್ ಇಂಡಿಯಾ ರೇಡಿಯೊದಿಂದ ಬಹುಮಟ್ಟಿಗೆ ಮರೆಯಾದವು. ಕೇಳುಗರು ಮುಳ್ಳನ್ನು ಸಿನಿಮಾ ಹಾಡು ಹಾಕುತ್ತಿದ್ದ ರೇಡಿಯೊ ಸಿಲೋನ್ (ಇಂದಿನ ಶ್ರೀಲಂಕಾದ ನಿಲಯ) ಕಡೆ ತಿರುಗಿಸಿದರು. ಕಳೆದುಹೋದ ಕೇಳುಗರನ್ನು ಮರಳಿ ಪಡೆಯಲು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿತು, 1967ರ ನವೆಂಬರ್‌ನಲ್ಲಿ ಅದರ ಮುಂಬಯಿ, ಪುಣೆ, ನಾಗಪುರ ಕೇಂದ್ರಗಳಿಂದ ಜಾಹೀರಾತುಗಳು ಶುರುವಾದವು. ಗಮನಿಸಿ: ಈ ಇಡೀ ಏರಿಳಿತದಲ್ಲಿ ಒಡೆಯ ಒಬ್ಬನೇ, ಭಾರತ ಸರ್ಕಾರ. ಯಜಮಾನ ಬದಲಾಗದೆಯೂ ಸ್ವರೂಪ ಎರಡು ಸಲ ತಲೆಕೆಳಗಾಯಿತು.

ನನ್ನ ಬಾಲ್ಯ ನಂಜನಗೂಡಿನದು. ಮನೆಯಲ್ಲಿ ಮರ್ಫಿ ರೇಡಿಯೊ ಇತ್ತು. ಗುಂಡಿ ತಿರುಗಿಸಿದ ಮೇಲೆ ಒಳಗಿನ ವಾಲ್ವ್ ಬಿಸಿಯಾಗಲು ಅರ್ಧ ನಿಮಿಷ ಕಾಯಬೇಕು, ಅಷ್ಟರಲ್ಲಿ ಫಲಕದ ಹಿಂದಿನ ಸಣ್ಣ ದೀಪ ಹಳದಿಯಾಗಿ ಹತ್ತಿಕೊಳ್ಳುತ್ತಿತ್ತು. ‘ಆಕಾಶವಾಣಿ, ಬೆಂಗಳೂರು’ ಎಂದು ಹೇಳಿ ಉದ್ಘೋಷಕರು ತರಂಗಾಂತರವನ್ನು ಮೀಟರುಗಳಲ್ಲೂ ಕಿಲೋಹರ್ಟ್ಸ್‌ಗಳಲ್ಲೂ ಒಂದೂ ಅಕ್ಷರ ನುಂಗದೆ ಓದುತ್ತಿದ್ದರು: 490.2 ಮೀಟರ್, ಅಂದರೆ 612 ಕಿಲೋಹರ್ಟ್ಸ್. ಹಗಲಲ್ಲಿ ಆ ಧ್ವನಿ ನೆಲವನ್ನು ಹಿಡಿದು ಬರುವ ಅಲೆಯಿಂದ ಗಟ್ಟಿಯಾಗಿ ಕೇಳುತ್ತಿತ್ತು. ಹೊತ್ತು ಮುಳುಗಿದ ಮೇಲೆ ಬೇರೆ ಲೋಕ. ಹಗಲಿನಲ್ಲಿ ಮಧ್ಯಮ ತರಂಗವನ್ನು ಹೀರಿಕೊಳ್ಳುವ ಅಯಾನುಗೋಳದ (ವಾತಾವರಣದ ಮೇಲ್ಭಾಗದ ವಿದ್ಯುತ್ಕಣಗಳ ವಲಯದ) ಕೆಳಪದರ ರಾತ್ರಿ ಕರಗಿಹೋಗುತ್ತದೆ, ಮೇಲಿನ ಪದರಕ್ಕೆ ತಾಗಿದ ದೂರದ ನಿಲಯಗಳ ಅಲೆಗಳು ನೂರಾರು ಮೈಲಿ ದಾಟಿ ಬಂದು ಒಂದರ ಮೇಲೊಂದು ಬೀಳುತ್ತವೆ. ಕನ್ನಡದ ವಾರ್ತೆಯ ಹಿಂದೆ ಯಾವುದೋ ಭಾಷೆಯ ಹಾಡು ಏರಿ ಇಳಿಯುತ್ತಿದ್ದಾಗ ನಮ್ಮ ತಂದೆ ಪೆಟ್ಟಿಗೆಯನ್ನು ಮೆಲ್ಲಗೆ ಒಂದಿಷ್ಟು ತಿರುಗಿಸಿ, ಒಂದು ಕೋನದಲ್ಲಿ ನಿಲ್ಲಿಸುತ್ತಿದ್ದರು. ಆಂಟೆನಾ ಆ ದಿಕ್ಕಿಗೆ ಒಗ್ಗುವುದರಿಂದ ಹಾಗೆ ಮಾಡುತ್ತಾರೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಇಲ್ಲೊಂದು ಸಣ್ಣ ವಿಷಯ ನಿಮಗೆ ಉಪಯೋಗಕ್ಕೆ ಬರಬಹುದು. ಬೆಂಗಳೂರಿನ 612, ಧಾರವಾಡದ 765, ಭದ್ರಾವತಿಯ 675, ಇವೆಲ್ಲ ಒಂಬತ್ತರಿಂದ ಭಾಗವಾಗುವ ಸಂಖ್ಯೆಗಳು. 1978ರ ನವೆಂಬರ್‌ನಿಂದ ಏಷ್ಯಾ, ಯುರೋಪು, ಆಫ್ರಿಕಗಳಲ್ಲಿ ಮಧ್ಯಮ ತರಂಗದ ನಿಲಯಗಳ ನಡುವೆ 9 ಕಿಲೋಹರ್ಟ್ಸ್ ಅಂತರ ಜಾರಿಗೆ ಬಂದದ್ದೇ ಇದಕ್ಕೆ ಕಾರಣ. ಅಮೆರಿಕ ಖಂಡದಲ್ಲಿ ಇಂದಿಗೂ 10 ಕಿಲೋಹರ್ಟ್ಸ್ ಅಂತರವಿರುವುದರಿಂದ ನಿಮ್ಮೂರಿನ ಎಎಂ ನಿಲಯದ ಸಂಖ್ಯೆ ಸೊನ್ನೆಯಲ್ಲಿ ಕೊನೆಯಾಗುತ್ತದೆ. ಅಲ್ಲಿನ ಡಿಜಿಟಲ್ ರೇಡಿಯೊವನ್ನು ಊರಿಗೆ ತರುವಾಗ ಅಂತರ ಬದಲಿಸುವ ಸೌಲಭ್ಯವಿದೆಯೇ ಎಂದು ನೋಡಿಕೊಂಡು ತನ್ನಿ.

ಮೈಸೂರಿಗೆ ನಿಲಯ ಮರಳಿದ್ದು 1974ರ ನವೆಂಬರ್ 14ರಂದು. ಹತ್ತೊಂಬತ್ತು ವರ್ಷಗಳ ಅಂತರದ ನಂತರ ಯಾದವಗಿರಿಯಲ್ಲಿ ನೆಲೆಗೊಂಡ ಈ ನಿಲಯಕ್ಕೂ ವಿಠ್ಠಲ ವಿಹಾರಕ್ಕೂ ಸುಮಾರು 200 ಗಜಗಳ ದೂರ. ಒಡೆಯ 1955ರಲ್ಲಿದ್ದವನೇ, ಆದರೂ ಹಳೆ ಮೈಸೂರಿನ ಆಡುಮಾತು, ಊರಿನ ಕಲಾವಿದರು, ಸುತ್ತಲಿನ ತಾಲ್ಲೂಕುಗಳ ಬೆಳೆ ಮತ್ತು ಸಂತೆಯ ಸುದ್ದಿ ಮತ್ತೆ ಪ್ರಸಾರದಲ್ಲಿ ಜಾಗ ಪಡೆದವು. ಮೇಜು ಮರಳಿದಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಒಡೆತನದ ಕೊನೆಯ ಬದಲಾವಣೆ ಪ್ರಸಾರ ಭಾರತಿಯದು. ರೇಡಿಯೊ ಮತ್ತು ದೂರದರ್ಶನಗಳು ಸರ್ಕಾರಿ ಇಲಾಖೆಯಾಗಿರಬಾರದು ಎಂಬ ಬೇಡಿಕೆ ತುರ್ತು ಪರಿಸ್ಥಿತಿಯ ಕಹಿ ಅನುಭವದಿಂದ ಬಲಗೊಂಡಿತು. 1990ರಲ್ಲಿ ಕಾಯ್ದೆ ಬಂದರೂ ಅದು ಜಾರಿಯಾಗಿ ನಿಗಮ ಅಸ್ತಿತ್ವಕ್ಕೆ ಬಂದದ್ದು 1997ರ ನವೆಂಬರ್ 23ರಂದು. ಈ ನಡುವೆ 1995ರ ಫೆಬ್ರವರಿ 9ರಂದು ಸರ್ವೋಚ್ಚ ನ್ಯಾಯಾಲಯ, ಗಾಳಿಯಲೆಗಳು ಸಾರ್ವಜನಿಕ ಸ್ವತ್ತು, ಸರ್ಕಾರದ ಏಕಸ್ವಾಮ್ಯವಲ್ಲ ಎಂದು ತೀರ್ಪು ಕೊಟ್ಟಿತ್ತು. ಅದರ ಫಲವಾಗಿ ಖಾಸಗಿ ಎಫ್‌ಎಂ ಬಂತು, ದೇಶದ ಮೊದಲ ಖಾಸಗಿ ಎಫ್‌ಎಂ ನಿಲಯ 2001ರ ಜುಲೈ 3ರಂದು ಬೆಂಗಳೂರಿನಲ್ಲೇ ಶುರುವಾಯಿತು. ಆದರೆ ಎಎಂ ತರಂಗಗಳಲ್ಲಿ ಖಾಸಗಿಯವರಿಗೆ ಅವಕಾಶ ತೆರೆಯಲಿಲ್ಲ, ಖಾಸಗಿ ಎಫ್‌ಎಂ ನಿಲಯಗಳಿಗೆ ತಮ್ಮದೇ ವಾರ್ತೆ ಕೊಡುವ ಹಕ್ಕೂ ಸಿಗಲಿಲ್ಲ. 1935ರಲ್ಲಿ ಗೋಪಾಲಸ್ವಾಮಿಯವರು ಮಾಡಿದ್ದನ್ನು, ಅಂದರೆ ಒಬ್ಬ ವ್ಯಕ್ತಿ ತನ್ನ ಊರಿಗಾಗಿ ಎಎಂ ನಿಲಯ ನಡೆಸುವುದನ್ನು, ಇಂದು ಮೈಸೂರಿನಲ್ಲಿ ಯಾರೂ ಮಾಡಲು ಬರುವುದಿಲ್ಲ.

ಈಗ ನಿಮ್ಮ ಪಟ್ಟಣಕ್ಕೆ ಬರುತ್ತೇನೆ. ಅಲ್ಲಿ ಸ್ವರೂಪ ಹೀಗೆ ರಾತ್ರಿ ಬೆಳಗಾಗುವುದರೊಳಗೆ ಬದಲಾಗುವುದಕ್ಕೆ ಕಾರಣ ಕಾನೂನಿನಲ್ಲೂ ಇದೆ, ಲೆಕ್ಕಪುಸ್ತಕದಲ್ಲೂ ಇದೆ. 1934ರಲ್ಲಿ ಸ್ಥಾಪನೆಯಾದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಅಲೆಯನ್ನು ಬಳಸುವ ಪರವಾನಗಿ ಕೊಡುತ್ತದೆ, ಆ ಪರವಾನಗಿಯನ್ನು ಕಮಿಷನ್‌ನ ಒಪ್ಪಿಗೆಯೊಡನೆ ಇನ್ನೊಬ್ಬರಿಗೆ ಮಾರಬಹುದು. ಯಾವ ಹಾಡು ಹಾಕಬೇಕು, ಮಾತೋ ಸಂಗೀತವೋ ಎಂಬುದನ್ನು ಅದು ಮಾಲೀಕನಿಗೆ ಬಿಡುತ್ತದೆ. ವಿವಾದದ ವಿಷಯಗಳಲ್ಲಿ ಎರಡೂ ಪಕ್ಷಗಳಿಗೆ ಅವಕಾಶ ಕೊಡಬೇಕೆಂಬ ನಿಯಮವನ್ನು 1987ರಲ್ಲಿ ಕೈಬಿಟ್ಟ ಮೇಲೆ ದಿನವಿಡೀ ಒಂದೇ ಪಕ್ಷದ ಮಾತು ನಡೆಸುವುದು ಸುಲಭವಾಯಿತು. ಸಂಗೀತದ ಕೇಳುಗರು ಅಷ್ಟರಲ್ಲಾಗಲೇ ಎಫ್‌ಎಂಗೆ ಹೋಗಿದ್ದರು, ಏಕೆಂದರೆ ಎಎಂ ನಿಲಯಕ್ಕೆ ಸಿಗುವ ತರಂಗದ ಪಟ್ಟೆಯ ಅಗಲ ಕಿರಿದು, ಪಿಟೀಲಿನ ಮೇಲುಸ್ವರಗಳೂ ತಾಳದ ಝಣಕಾರವೂ ಅದರಲ್ಲಿ ಮೊಂಡಾಗುತ್ತವೆ. ಮಾತಿಗೆ ಅಷ್ಟು ಸಾಕು. 1996ರ ಕಾಯ್ದೆ ಒಬ್ಬ ಮಾಲೀಕ ದೇಶದಲ್ಲಿ ಇಷ್ಟೇ ರೇಡಿಯೊ ನಿಲಯಗಳನ್ನು ಹೊಂದಬಹುದೆಂಬ ಮಿತಿಯನ್ನು ತೆಗೆದುಹಾಕಿತು. ಅಲ್ಲಿಂದ ಮುಂದೆ ಸಣ್ಣ ಪಟ್ಟಣದ ನಿಲಯಗಳನ್ನು ದೂರದ ಕಂಪನಿಗಳು ಕೊಂಡು, ಉಪಗ್ರಹದ ಮೂಲಕ ಎಲ್ಲೋ ತಯಾರಾದ ಒಂದೇ ಕಾರ್ಯಕ್ರಮವನ್ನು ನೂರು ಊರುಗಳಿಗೆ ಉಣಿಸುವುದು ಸಾಮಾನ್ಯವಾಯಿತು. ನಿಮ್ಮೂರಿನಲ್ಲಿ ಹಳೆಯ ಹಾಡು ಹೋಗಿ ಮಾತು ಬಂದದ್ದು, ಮಾತು ಹೋಗಿ ಪ್ರವಚನ ಬಂದದ್ದು ಹೆಚ್ಚು ಕಡಿಮೆ ಈ ದಾರಿಯಲ್ಲೇ ಇರಬೇಕು. ಕೇಳುಗರು ಕಡಿಮೆಯಾಗಿ ಜಾಹೀರಾತು ಬಾರದಿದ್ದಾಗ, ವೇಳೆಯನ್ನೇ ಇಡಿಯಾಗಿ ಹಣ ಕೊಟ್ಟು ಕೊಳ್ಳುವ ಧಾರ್ಮಿಕ ಸಂಸ್ಥೆಗಳು ಅನೇಕ ಎಎಂ ನಿಲಯಗಳಿಗೆ ಕೊನೆಯ ಆಸರೆಯಾಗಿವೆ. ಅಲ್ಲಿ ಮಾರುಕಟ್ಟೆ, ಇಲ್ಲಿ ಸರ್ಕಾರ, ದಾರಿಗಳು ಬೇರೆಯಾದರೂ 1955ರ ಮೈಸೂರು ಮತ್ತು ನಿಮ್ಮ ಪಟ್ಟಣ ಬಂದು ನಿಂತ ಜಾಗ ಒಂದೇ: ನಿಲಯದ ಹೆಸರು ಊರಿನದು, ತೀರ್ಮಾನ ಹೊರಗಿನದು.

ಎಎಂ ಬಳಕೆ ಎರಡೂ ದೇಶಗಳಲ್ಲಿ ಕುಗ್ಗುತ್ತಿರುವುದಕ್ಕೆ ಒಡೆತನದೊಂದಿಗೆ ಸಂಬಂಧವಿಲ್ಲದ ಕಾರಣಗಳೂ ಇವೆ. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರು, ಇನ್ವರ್ಟರುಗಳು ಎಬ್ಬಿಸುವ ವಿದ್ಯುತ್ ಗದ್ದಲ ಮಧ್ಯಮ ತರಂಗದ ಮೇಲೆಯೇ ಹೆಚ್ಚಾಗಿ ಬೀಳುತ್ತದೆ. ಅನೇಕ ಮೊಬೈಲುಗಳಲ್ಲಿ ಎಫ್‌ಎಂ ಇದ್ದರೂ ಎಎಂ ಇರುವುದಿಲ್ಲ, ಏಕೆಂದರೆ ಅದಕ್ಕೆ ಬೇಕಾದ ಫೆರೈಟ್ ಕಡ್ಡಿಯ ಆಂಟೆನಾ ಅಷ್ಟು ತೆಳ್ಳಗಿನ ಪೆಟ್ಟಿಗೆಯಲ್ಲಿ ಹಿಡಿಸದು. ಮೈಸೂರು ಆಕಾಶವಾಣಿಯನ್ನು ಇಂದು ಕೇಳಬೇಕಾದದ್ದು ಎಫ್‌ಎಂ 100.6 ಮೆಗಾಹರ್ಟ್ಸ್‌ನಲ್ಲಿ.

ನೀವು ಊರಿಗೆ ಬಂದಾಗ ಒಂದು ದಿನ ಬೆಳಗಿನಿಂದ ರಾತ್ರಿಯವರೆಗೆ ಆ ನಿಲಯವನ್ನು ಕೇಳಿ, ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ. ಯಾವ ಕಾರ್ಯಕ್ರಮ ದೆಹಲಿಯಿಂದ ಬಂತು, ಯಾವುದು ಬೆಂಗಳೂರಿನಿಂದ, ಯಾವುದನ್ನು ಯಾದವಗಿರಿಯಲ್ಲೇ ತಯಾರಿಸಿದರು ಎಂದು ವೇಳೆಯೊಡನೆ ಗುರುತು ಹಾಕಿಕೊಳ್ಳಿ. ಉದ್ಘೋಷಕರು ಪ್ರತಿ ಸಲವೂ ಹೇಳುವುದರಿಂದ ಇದು ಕಷ್ಟವಾಗದು. ನಿಲಯ ಯಾರದು ಎಂಬ ನಿಮ್ಮ ಪ್ರಶ್ನೆಗೆ ಕಾಗದಪತ್ರಗಳ ಪ್ರಕಾರ ಉತ್ತರ ಪ್ರಸಾರ ಭಾರತಿ. ಅದು ಇಂದಿಗೆ ಎಷ್ಟರಮಟ್ಟಿಗೆ ಮೈಸೂರಿನದು ಎಂಬುದಕ್ಕೆ ಉತ್ತರ ನಿಮ್ಮ ಹಾಳೆಯ ಮೂರನೆಯ ಅಂಕಣದಲ್ಲಿ ಸಿಗುತ್ತದೆ.